ನಿವೇಶನದ ನಿರ್ಣಯಕ್ಕೆ ಮುನ್ನ ನೆಲದ ಪರೀಕ್ಷೆ

ಅಂಗನವಾಡಿ, ಶಾಲಾ ಕೊಠಡಿ ಅಥವಾ ಓವರ್‌ಹೆಡ್ ಟ್ಯಾಂಕಿಗೆ ನಿವೇಶನ ಗೊತ್ತುಪಡಿಸುವ ಸಭೆಯಲ್ಲಿ ಜಾಗದ ಒಡೆತನ, ರಸ್ತೆ, ವಿದ್ಯುತ್ ಸಂಪರ್ಕಗಳ ಚರ್ಚೆ ಸಹಜ. ಆ ನೆಲವು ಭಾರವನ್ನು ಹೊರಬಲ್ಲುದೇ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. 50,000 ಲೀಟರ್ ಸಾಮರ್ಥ್ಯದ ಟ್ಯಾಂಕ್ ತುಂಬಿದಾಗ ನೀರಿನ ತೂಕವೇ 50 ಟನ್. ಅದೆಲ್ಲವೂ ಕೆಲವೇ ಕಂಬಗಳ ಮೂಲಕ ನೆಲಕ್ಕಿಳಿಯುತ್ತದೆ. ಒಂದು ಕಂಬದ ಕೆಳಗಿನ ಮಣ್ಣು ಉಳಿದವಕ್ಕಿಂತ ಹೆಚ್ಚು ಕುಸಿದರೂ ಟ್ಯಾಂಕ್ ವಾಲುವ, ಬಿರುಕು ಬಿಡುವ ಅಪಾಯವಿದೆ.

ನಮ್ಮ ಸೀಮೆಯ ನೆಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕೆಂಪು ಮಣ್ಣು ಹೆಚ್ಚು. ಕೆರೆಯಂಗಳ ಮತ್ತು ತಗ್ಗುಗಳಲ್ಲಿ ಜಿಗುಟು ಜೇಡಿಯೂ ಇರುತ್ತದೆ. ತೆಂಗಿನ ತೋಟಕ್ಕೆ ಕೆರೆಗೋಡು ಹೊಡೆಸುವುದು ಹಳೆಯ ವಾಡಿಕೆ. ಆದ್ದರಿಂದ ಹಿಂದೆ ತೋಟವಾಗಿದ್ದ ನಿವೇಶನದ ಮೇಲ್ಮಣ್ಣು ಬೇರೆಡೆಯಿಂದ ಬಂದದ್ದಿರಬಹುದು. ಮರದ ಬುಡ ಕಿತ್ತ ಗುಂಡಿ, ಮುಚ್ಚಿದ ಬಾವಿಗಳು ಮೇಲ್ನೋಟಕ್ಕೆ ಕಾಣಿಸವು.

ರೈತರ ಬಳಿಯಿರುವ ಮಣ್ಣು ಆರೋಗ್ಯ ಚೀಟಿ ಇಲ್ಲಿ ನೆರವಾಗದು. ಅದು ಬೆಳೆಗೆ ಬೇಕಾದ ಪೋಷಕಾಂಶಗಳನ್ನು ತಿಳಿಸುತ್ತದೆ, ಅಡಿಪಾಯದ ಬಲವನ್ನಲ್ಲ.

ಪರೀಕ್ಷೆಯ ಹಂತಗಳು

1. ನಕ್ಷೆ: ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನಿವೇಶನದ ಸರ್ವೆ ನಂಬರನ್ನೂ ಸಮೀಪದ ಕೆರೆ, ಹಳ್ಳಗಳನ್ನೂ ಮೊಬೈಲಿನಲ್ಲೇ ನೋಡಬಹುದು. ಮುಚ್ಚಿದ ಬಾವಿಯ ವಿಚಾರವನ್ನು ಊರ ಹಿರಿಯರಿಂದಲೇ ತಿಳಿಯಬೇಕು.

2. ವಿದ್ಯುತ್ ರೋಧ ಮಾಪನ: ಕೊಳವೆಬಾವಿಗೆ ಸ್ಥಳ ಗುರುತಿಸಲು ಭೂವಿಜ್ಞಾನಿಗಳು ಬಳಸುವ ವಿಧಾನವಿದು. ಒದ್ದೆ ಜೇಡಿಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಗಟ್ಟಿ ಬಂಡೆಯಲ್ಲಿ ಹರಿಯದು. ಇದರಿಂದ ಬಂಡೆಯ ಆಳವನ್ನು ಅಂದಾಜಿಸಬಹುದು.

3. ಪೆಟ್ಟಿನ ಪರೀಕ್ಷೆ: ಕೊರೆದ ರಂಧ್ರದ ತಳದಲ್ಲಿ ಉಕ್ಕಿನ ಕೊಳವೆಯಿಟ್ಟು, 63.5 ಕಿಲೋ ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸುತ್ತಾರೆ. ಪೆಟ್ಟು ಕಡಿಮೆಯಾದಷ್ಟೂ ಮಣ್ಣು ಸಡಿಲ. ಎಣಿಕೆಯನ್ನು ತಾವೇ ದಾಖಲಿಸುವ ಯಂತ್ರಗಳೂ ಈಗ ಬಂದಿವೆ.

4. ಉಬ್ಬುವಿಕೆಯ ಪರೀಕ್ಷೆ: ಜರಡಿ ಹಿಡಿದ ತಲಾ 10 ಗ್ರಾಂ ಒಣಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ನೀರಿನಲ್ಲಿ ಅದಕ್ಕಿಂತ ಶೇ. 50ಕ್ಕೂ ಮೀರಿ ಉಬ್ಬಿದರೆ ಸಾಮಾನ್ಯ ಅಡಿಪಾಯವನ್ನು ನೆಚ್ಚಬಾರದು.

ಆ್ಯಪ್ ಮತ್ತು ಉಪಕರಣಗಳು ಎಲ್ಲಿ ಅನುಮಾನಿಸಬೇಕೆಂಬುದನ್ನು ತೋರಿಸುತ್ತವೆ. ನೆಲದ ಬಲವನ್ನು ಖಚಿತಪಡಿಸುವುದು ಕೊರೆದು ತೆಗೆದ ಮಣ್ಣಿನ ಪರೀಕ್ಷೆಯೇ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ನಿರ್ಣಯ ಅಂಗೀಕರಿಸುವ ಮುನ್ನ ಇಂಜಿನಿಯರರನ್ನು ಹೀಗೆ ಕೇಳುವುದು ಸೂಕ್ತ: ಈ ನಿವೇಶನದಲ್ಲೇ ಮಣ್ಣು ತೆಗೆಯಲಾಗಿದೆಯೇ? ಎಷ್ಟು ಕಡೆ, ಎಷ್ಟು ಆಳಕ್ಕೆ? ವರದಿಯಲ್ಲಿರುವ ಸುರಕ್ಷಿತ ಧಾರಣಾ ಸಾಮರ್ಥ್ಯಕ್ಕೆ ಅಡಿಪಾಯದ ನಕ್ಷೆ ಹೊಂದಿದೆಯೇ? ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ, ವರದಿಯ ಪ್ರತಿಯನ್ನು ಕಾಮಗಾರಿ ಕಡತದಲ್ಲಿ ಇರಿಸಬೇಕು. ನೆಲ ದುರ್ಬಲವೆಂದು ಈ ಹಂತದಲ್ಲಿ ತಿಳಿದರೆ ಜಾಗ ಬದಲಿಸಬಹುದು. ಕಟ್ಟಡ ಎದ್ದ ಮೇಲೆ ಆ ಅವಕಾಶವಿರದು.