ಪಿಂಚಣಿ ಸೇವಾವಧಿಯಲ್ಲಿನ ತೆರವುಗಳು: ಅರೆಕಾಲಿಕ ನೌಕರರು ಮತ್ತು ಮಾಲೀಕರ ಹೊಣೆ

ಸಣ್ಣ ಕೈಗಾರಿಕಾ ಘಟಕಗಳಲ್ಲಿ ಹಾಗೂ ವ್ಯಾಪಾರ ಸಂಸ್ಥೆಗಳಲ್ಲಿ ಭವಿಷ್ಯ ನಿಧಿಯ ಲೆಕ್ಕವನ್ನು ಸಾಮಾನ್ಯವಾಗಿ ಪ್ರತಿ ತಿಂಗಳ 15ನೆಯ ತಾರೀಖಿನೊಳಗೆ ತೀರಿಸಬೇಕಾದ ಒಂದು ಬಾಕಿಯೆಂದಷ್ಟೇ ಪರಿಗಣಿಸಲಾಗುತ್ತದೆ. ಆದರೆ ಆ ಮೊತ್ತದ ಒಂದು ಭಾಗವು ನೌಕರನ ಪಿಂಚಣಿ ಸೇವಾವಧಿಯನ್ನು ತಿಂಗಳು ತಿಂಗಳಾಗಿ ಕಟ್ಟುತ್ತಾ ಹೋಗುತ್ತದೆ. ಯಾವುದೋ ಒಂದು ತಿಂಗಳ ವಂತಿಗೆ ಬಿಟ್ಟುಹೋದರೆ ಅದು ಕೇವಲ ಹಣದ ಬಾಕಿಯಲ್ಲ. ನೌಕರನ ಸೇವಾ ದಾಖಲೆಯಲ್ಲಿ ಉಂಟಾದ ತೆರವು. ಪೂರ್ಣಕಾಲಿಕ ನೌಕರರಿಗಿಂತ ಅರೆಕಾಲಿಕ ನೌಕರರ ದಾಖಲೆಗಳಲ್ಲಿ ಇಂತಹ ತೆರವುಗಳು ಹೆಚ್ಚಾಗಿ ಕಂಡುಬರುತ್ತವೆ. ಅವು ಹೇಗೆ ಉಂಟಾಗುತ್ತವೆ, ಅವುಗಳಲ್ಲಿ ಯಾವುವನ್ನು ತುಂಬಬಹುದು, ಯಾರು ತುಂಬಬಹುದು ಎಂಬುದನ್ನು ಉದ್ಯಮಿಗಳು ಅರಿತಿರುವುದು ಅಗತ್ಯ.

ಯೋಜನೆಯ ಸ್ವರೂಪ

ನೌಕರರ ಪಿಂಚಣಿ ಯೋಜನೆಯು 1995ರ ನವೆಂಬರ್ 16ರಂದು ಜಾರಿಗೆ ಬಂದಿತು. ಅದಕ್ಕೆ ಮೊದಲು 1971ರ ಕುಟುಂಬ ಪಿಂಚಣಿ ಯೋಜನೆ ಅಸ್ತಿತ್ವದಲ್ಲಿತ್ತು. ಈ ಯೋಜನೆಯಲ್ಲಿ ಪಿಂಚಣಿ ನಿಧಿಗೆ ನೌಕರನ ವೇತನದಿಂದ ನೇರವಾಗಿ ಏನನ್ನೂ ಕಡಿತ ಮಾಡುವುದಿಲ್ಲ. ಮಾಲೀಕನು ಸಲ್ಲಿಸುವ ಪಾಲಿನಿಂದಲೇ ವೇತನದ ಶೇ. 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಕೇಂದ್ರ ಸರ್ಕಾರವು ಶೇ. 1.16ರಷ್ಟನ್ನು ಸೇರಿಸುತ್ತದೆ. ಈ ಲೆಕ್ಕಕ್ಕೆ ವೇತನದ ಮಿತಿಯೊಂದಿದ್ದು, ಅದನ್ನು 2014ರ ಸೆಪ್ಟೆಂಬರ್ 1ರಂದು ರೂ. 6,500ರಿಂದ ರೂ. 15,000ಕ್ಕೆ ಏರಿಸಲಾಯಿತು.

58 ವರ್ಷ ವಯಸ್ಸಿಗೆ ಮಾಸಿಕ ಪಿಂಚಣಿ ಪಡೆಯಲು ಕನಿಷ್ಠ 10 ವರ್ಷಗಳ ಸೇವೆ ಬೇಕು. ಪಿಂಚಣಿಯ ಸೂತ್ರ ಸರಳವಾದುದು. ಪಿಂಚಣಿಗೆ ಪರಿಗಣಿತವಾದ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನವೆಂದರೆ ಕೊನೆಯ 60 ತಿಂಗಳುಗಳ ಸರಾಸರಿ. ಉದಾಹರಣೆಗೆ, ಸರಾಸರಿ ವೇತನ ರೂ. 14,000 ಇದ್ದು ಸೇವೆ 10 ವರ್ಷಗಳಾಗಿದ್ದರೆ ಪಿಂಚಣಿ ತಿಂಗಳಿಗೆ ರೂ. 2,000 ಆಗುತ್ತದೆ. ಅಂದರೆ ಸೇವೆಯ ಒಂದೊಂದು ವರ್ಷವೂ ಜೀವನಪರ್ಯಂತ ತಿಂಗಳಿಗೆ ರೂ. 200ರಷ್ಟು ತರುತ್ತದೆ. ಆ ಒಂದು ವರ್ಷಕ್ಕೆ ಮಾಲೀಕನು ಪಿಂಚಣಿ ನಿಧಿಗೆ ಸಲ್ಲಿಸುವ ಮೊತ್ತ ಸುಮಾರು ಒಂದು ತಿಂಗಳ ವೇತನಕ್ಕೆ ಸಮ.

ಆರು ತಿಂಗಳ ಗಡಿ

ಸೇವಾವಧಿಯ ಲೆಕ್ಕದಲ್ಲಿ ಮುಖ್ಯವಾದ ನಿಯಮವೊಂದಿದೆ. ಒಟ್ಟು ಸೇವೆಯಲ್ಲಿ ಪೂರ್ಣ ವರ್ಷಗಳನ್ನು ಬಿಟ್ಟು ಉಳಿದ ಅವಧಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಒಂದು ಪೂರ್ಣ ವರ್ಷವೆಂದು ಪರಿಗಣಿಸಲಾಗುತ್ತದೆ. ಆರು ತಿಂಗಳಿಗಿಂತ ಕಡಿಮೆಯಾದರೆ ಅದನ್ನು ಬಿಟ್ಟುಬಿಡಲಾಗುತ್ತದೆ. ಆದ್ದರಿಂದ 9 ವರ್ಷ 6 ತಿಂಗಳ ಸೇವೆಯುಳ್ಳವರು ಪಿಂಚಣಿಗೆ ಅರ್ಹರು. 9 ವರ್ಷ 5 ತಿಂಗಳ ಸೇವೆಯುಳ್ಳವರು ಅರ್ಹರಲ್ಲ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಮಹಿಳೆಯೊಬ್ಬರು ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ 5 ವರ್ಷ 8 ತಿಂಗಳು ದುಡಿದು, ಹೆರಿಗೆಯ ನಂತರ ಕೆಲಸ ಬಿಟ್ಟರೆಂದು ಭಾವಿಸೋಣ. ಮೂರು ವರ್ಷಗಳ ಬಳಿಕ ಮತ್ತೊಂದು ಸಣ್ಣ ಘಟಕದಲ್ಲಿ ದಿನಕ್ಕೆ ನಾಲ್ಕು ಗಂಟೆಗಳ ಕೆಲಸಕ್ಕೆ ಸೇರಿ 4 ವರ್ಷ 2 ತಿಂಗಳು ದುಡಿದರು. ನಡುವಿನ ಮೂರು ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಆದರೂ ಎರಡೂ ಅವಧಿಗಳನ್ನು ಜೋಡಿಸಿದಾಗ 9 ವರ್ಷ 10 ತಿಂಗಳಾಗಿ, 10 ವರ್ಷಗಳೆಂದು ಪರಿಗಣಿತವಾಗುತ್ತದೆ. ಅವರಿಗೆ ಪಿಂಚಣಿ ದೊರೆಯುತ್ತದೆ.

ಈಗ ಎರಡನೆಯ ಘಟಕದ ಮಾಲೀಕರು 'ಅರೆಕಾಲಿಕ ಕೆಲಸ, ಉಳಿಯುತ್ತಾರೋ ಇಲ್ಲವೋ ನೋಡೋಣ' ಎಂದು ಮೊದಲ ಐದು ತಿಂಗಳು ಅವರ ಹೆಸರನ್ನು ನೋಂದಾಯಿಸಲಿಲ್ಲವೆಂದುಕೊಳ್ಳೋಣ. ದಾಖಲೆಯಲ್ಲಿನ ಒಟ್ಟು ಸೇವೆ 9 ವರ್ಷ 5 ತಿಂಗಳಿಗೆ ಇಳಿಯುತ್ತದೆ. ಐದು ತಿಂಗಳ ಅಲ್ಪ ಮೊತ್ತದ ಉಳಿತಾಯಕ್ಕಾಗಿ ಆ ನೌಕರಳ ಜೀವನಪರ್ಯಂತದ ಪಿಂಚಣಿಯೇ ಕೈತಪ್ಪುತ್ತದೆ. ವಾಸ್ತವವಾಗಿ ಪರೀಕ್ಷಾರ್ಥ ಅವಧಿಗೆ ಕಾನೂನಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಯೋಜನೆ ಅನ್ವಯವಾಗುವ ನೌಕರನು ಕೆಲಸಕ್ಕೆ ಸೇರಿದ ದಿನದಿಂದಲೇ ಸದಸ್ಯನಾಗಬೇಕು.

ಅರೆಕಾಲಿಕರು ಹೊರಗಿನವರೇ?

ಭವಿಷ್ಯ ನಿಧಿಯ ನಿಯಮಗಳು 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಕಡ್ಡಾಯವಾಗಿ ಅನ್ವಯಿಸುತ್ತವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಸಂಖ್ಯೆಯನ್ನು ಉಳಿಸಿಕೊಂಡಿದೆ. 'ನೌಕರ' ಎಂಬ ಪದಕ್ಕೆ ಕಾನೂನು ನೀಡಿರುವ ಅರ್ಥ ವಿಶಾಲವಾದುದು. ದಿನಕ್ಕೆ ಇಷ್ಟು ಗಂಟೆ ದುಡಿದರೆ ಮಾತ್ರ ಸದಸ್ಯತ್ವ ಎಂಬ ಷರತ್ತು ಅದರಲ್ಲಿ ಇಲ್ಲ. ಗುತ್ತಿಗೆದಾರರ ಮೂಲಕ ಬರುವವರೂ ಅದರಲ್ಲಿ ಸೇರುತ್ತಾರೆ.

ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವವರೂ ನೌಕರರೇ ಎಂದು ಸರ್ವೋಚ್ಚ ನ್ಯಾಯಾಲಯವು 1980ರ ದಶಕದಲ್ಲಿಯೇ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಬೀಡಿ ಉದ್ಯಮ ಬೇರೂರಿರುವ ಕರಾವಳಿ ಜಿಲ್ಲೆಗಳಿಗೆ ಈ ತೀರ್ಪಿನ ಮಹತ್ವ ಬಹಳ. 2019ರಲ್ಲಿ ಗೋದಾವರಿ ಗಾರ್ಮೆಂಟ್ಸ್ ಪ್ರಕರಣದಲ್ಲಿ, ಕತ್ತರಿಸಿದ ಬಟ್ಟೆಯನ್ನು ಒಯ್ದು ಮನೆಯಲ್ಲಿ ಸ್ವಂತ ಯಂತ್ರದಲ್ಲಿ ಹೊಲಿದುಕೊಡುತ್ತಿದ್ದ ಮಹಿಳೆಯರ ವಿಷಯದಲ್ಲಿಯೂ ನ್ಯಾಯಾಲಯ ಇದೇ ನಿಲುವನ್ನು ತಾಳಿತು. ತುಣುಕಿನ ಲೆಕ್ಕದ ಕೂಲಿ, ಅರ್ಧ ದಿನದ ಕೆಲಸ ಎಂಬ ಕಾರಣ ಮಾತ್ರದಿಂದ ಒಬ್ಬರನ್ನು ದಾಖಲೆಯಿಂದ ಹೊರಗಿಡುವುದು ಸುರಕ್ಷಿತವಲ್ಲ.

ಹಂಗಾಮಿ ಕಾರ್ಖಾನೆಗಳಿಗೆ ಒಂದು ವಿಶೇಷ ಸೌಲಭ್ಯವಿದೆ. ಹಂಗಾಮಿನಲ್ಲಿ ಮಾತ್ರ ದುಡಿಯುವ ನೌಕರನ ಸೇವೆಯು ಒಂದು ವರ್ಷದಲ್ಲಿ ಹನ್ನೆರಡು ತಿಂಗಳಿಗಿಂತ ಕಡಿಮೆಯಿದ್ದರೂ ಅದನ್ನು ಪೂರ್ಣ ವರ್ಷವೆಂದೇ ಪಿಂಚಣಿ ಯೋಜನೆ ಪರಿಗಣಿಸುತ್ತದೆ. ಹಂಗಾಮಿ ನೌಕರರಿರುವ ಸಂಸ್ಥೆಗಳು ಈ ಅಂಶವನ್ನು ದಾಖಲೆಯಲ್ಲಿ ಸರಿಯಾಗಿ ತೋರಿಸಬೇಕು.

ಕೊನೆಯ ಐದು ವರ್ಷಗಳ ಎಚ್ಚರ

ದಿನವೂ ಅರ್ಧ ದಿನ ದುಡಿಯುವ ನೌಕರನ ಸೇವಾವಧಿ ಅರ್ಧಕ್ಕೆ ಇಳಿಯುವುದಿಲ್ಲ. ಆದರೆ ವಂತಿಗೆಯು ಕಡಿಮೆ ವೇತನದ ಮೇಲೆ ಸಂದಾಯವಾಗುತ್ತದೆ. ನಿವೃತ್ತಿಗೆ ಸಮೀಪಿಸಿದ ಹಿರಿಯ ಕುಶಲಕರ್ಮಿಗಳನ್ನು ಅರೆಕಾಲಿಕರನ್ನಾಗಿ ಮುಂದುವರಿಸುವಾಗ ಇದನ್ನು ಗಮನಿಸಬೇಕು. 2014ರ ಸೆಪ್ಟೆಂಬರ್ ನಂತರದ ಸೇವೆಗೆ ಅನ್ವಯಿಸುವ ಸೂತ್ರದಂತೆ, ರೂ. 14,000 ವೇತನದಲ್ಲಿ 10 ವರ್ಷ ದುಡಿದವರ ಪಿಂಚಣಿ ರೂ. 2,000. ಅವರೇ ಆ ನಂತರ ರೂ. 7,000ದ ಹೊಸ ಒಪ್ಪಂದದ ಮೇಲೆ ಇನ್ನೂ 5 ವರ್ಷ ದುಡಿದರೆ, ಕೊನೆಯ 60 ತಿಂಗಳ ಸರಾಸರಿ ರೂ. 7,000ಕ್ಕೆ ಇಳಿದು, 15 ವರ್ಷಗಳಿಗೆ ರೂ. 1,500 ಮಾತ್ರ ಆಗುತ್ತದೆ. ಹೆಚ್ಚು ದುಡಿದು ಕಡಿಮೆ ಪಿಂಚಣಿ ಪಡೆಯುವ ಸ್ಥಿತಿ ಇದು. ಇಂತಹ ಬದಲಾವಣೆಗೆ ಮುನ್ನ ನೌಕರರಿಗೆ ಲೆಕ್ಕವನ್ನು ವಿವರಿಸುವುದು ಮಾಲೀಕರ ಧರ್ಮ.

ವೇತನರಹಿತ ರಜೆ, ಕೆಲಸವಿಲ್ಲದ ದಿನಗಳ ವಿಷಯ ಬೇರೆ. ಮಾಸಿಕ ವಿವರಪಟ್ಟಿಯಲ್ಲಿ ಇವುಗಳನ್ನು ವಂತಿಗೆರಹಿತ ದಿನಗಳೆಂದು ನಮೂದಿಸಬೇಕು. ಈ ದಿನಗಳು ಸೇವಾವಧಿಯಿಂದ ಕಳೆದುಹೋಗುತ್ತವೆ. ಆದರೆ ಸರಾಸರಿ ವೇತನವನ್ನು ಲೆಕ್ಕ ಹಾಕುವಾಗ, ವೇತನ ಪಡೆದ ದಿನಗಳಿಂದಲೇ ಭಾಗಿಸಿ 30ರಿಂದ ಗುಣಿಸುವುದರಿಂದ ಸರಾಸರಿ ಕುಗ್ಗುವುದಿಲ್ಲ. ಆದ್ದರಿಂದ ಈ ಅಂಕಣವನ್ನು ಊಹೆಯಿಂದ ತುಂಬಬಾರದು. ಇಲ್ಲದ ಗೈರುಹಾಜರಿಯನ್ನು ಬರೆದರೆ ಸೇವೆ ಕಡಿತವಾಗುತ್ತದೆ. ಇರುವುದನ್ನು ಬಿಟ್ಟರೆ ಸರಾಸರಿ ವೇತನ ತಪ್ಪುತ್ತದೆ.

ತೆರವನ್ನು ತುಂಬುವವರು ಯಾರು?

ಬಿಟ್ಟುಹೋದ ವರ್ಷಗಳ ಹಣವನ್ನು ತಾನೇ ಕಟ್ಟಬಹುದೇ ಎಂಬುದು ಅನೇಕ ನೌಕರರ ಪ್ರಶ್ನೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯಲ್ಲಿ ಅಂತಹ ಅವಕಾಶವಿದೆ. ಅಲ್ಲಿ ಸಾಮಾನ್ಯವಾಗಿ ಹಿಂದಿನ ಆರು ವರ್ಷಗಳ ತೆರವುಗಳನ್ನು ಸ್ವಯಂಪ್ರೇರಿತ ವಂತಿಗೆಯಿಂದ ತುಂಬಬಹುದು. ನಮ್ಮ ಅಟಲ್ ಪಿಂಚಣಿ ಯೋಜನೆಯಲ್ಲಿಯೂ ತಡವಾದ ಕಂತನ್ನು, ಪ್ರತಿ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿಯಂತೆ ಹೆಚ್ಚುವರಿ ತೆತ್ತು ಪೂರೈಸಬಹುದು. ಆದರೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕೆಲಸವಿಲ್ಲದ ಅವಧಿಯನ್ನು ಹಣ ಕೊಟ್ಟು ಕೊಳ್ಳಲು ನೌಕರನಿಗೆ ಸಾಧ್ಯವಿಲ್ಲ. ದುಡಿದರೂ ದಾಖಲಾಗದ ಅವಧಿಯನ್ನು ತುಂಬಬಲ್ಲವನು ಆ ಅವಧಿಯಲ್ಲಿ ವೇತನ ಕೊಟ್ಟ ಮಾಲೀಕನೊಬ್ಬನೇ.

ಹೀಗೆ ಬಿಟ್ಟುಹೋದವರನ್ನು ಸೇರಿಸಿಕೊಳ್ಳಲು ಸರ್ಕಾರವು 2017ರಲ್ಲಿ ನೋಂದಣಿ ಅಭಿಯಾನವೊಂದನ್ನು ನಡೆಸಿತ್ತು. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರವರೆಗೆ ಬಿಟ್ಟುಹೋದವರಿಗಾಗಿ ಎರಡನೆಯ ಅಭಿಯಾನಕ್ಕೆ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗಿನ ಅವಧಿಯನ್ನು ನಿಗದಿಪಡಿಸಲಾಯಿತು. ವೇತನದಿಂದ ಕಡಿತ ಮಾಡಿರದಿದ್ದರೆ ನೌಕರನ ಪಾಲನ್ನು ಮನ್ನಾ ಮಾಡಿ, ದಂಡವನ್ನು ಕೇವಲ ರೂ. 100ಕ್ಕೆ ಇಳಿಸಿದ್ದುದು ಅದರ ವೈಶಿಷ್ಟ್ಯ. ಅಭಿಯಾನದ ರಿಯಾಯಿತಿ ಇಲ್ಲದಿದ್ದಾಗಲೂ ಮಾಲೀಕನ ಹೊಣೆ ತಪ್ಪುವುದಿಲ್ಲ. ಬಾಕಿಯೊಡನೆ ಬಡ್ಡಿ ಹಾಗೂ ದಂಡವನ್ನೂ ತೆರಬೇಕಾಗುತ್ತದೆ. ನೌಕರನ ವೇತನದಿಂದ ಕಡಿತ ಮಾಡಿಯೂ ಕಟ್ಟದಿರುವುದು ನಂಬಿಕೆ ದ್ರೋಹದ ಅಪರಾಧವೆನಿಸುತ್ತದೆ.

ಹಣ ಹಿಂಪಡೆಯುವ ಆತುರ

ತೆರವುಗಳಲ್ಲಿ ದೊಡ್ಡದು ನೌಕರನೇ ಉಂಟುಮಾಡಿಕೊಳ್ಳುವಂತಹುದು. 10 ವರ್ಷ ತುಂಬುವ ಮೊದಲು ಕೆಲಸ ಬಿಟ್ಟವರು ನಮೂನೆ 10-ಸಿ ಮೂಲಕ ಪಿಂಚಣಿಯ ಮೊತ್ತವನ್ನು ಹಿಂಪಡೆಯಬಹುದು, ಇಲ್ಲವೇ ಅದೇ ನಮೂನೆಯಲ್ಲಿ ಯೋಜನಾ ಪ್ರಮಾಣಪತ್ರವನ್ನು ಕೋರಬಹುದು. ಹಣ ಪಡೆದರೆ ಆವರೆಗಿನ ಸೇವೆ ಅಳಿಸಿಹೋಗುತ್ತದೆ. ಪ್ರಮಾಣಪತ್ರ ಪಡೆದರೆ ಆ ಸೇವೆ ಮುಂದಿನ ಕೆಲಸದ ಸೇವೆಯೊಡನೆ ಕೂಡಿಕೊಳ್ಳುತ್ತದೆ. ಮೇಲಿನ ಉದಾಹರಣೆಯ ಮಹಿಳೆಯು ಮೊದಲ ಕೆಲಸ ಬಿಟ್ಟಾಗ ಹಣ ಹಿಂಪಡೆದಿದ್ದರೆ ಅವರ ಬಳಿ ಉಳಿಯುತ್ತಿದ್ದುದು ನಾಲ್ಕು ವರ್ಷಗಳ ಸೇವೆ ಮಾತ್ರ.

ಒಂಬತ್ತು ವರ್ಷಗಳ ಸೇವೆಗೆ ಹಿಂಪಡೆಯಬಹುದಾದ ಮೊತ್ತ ಸುಮಾರು ಒಂಬತ್ತು ತಿಂಗಳ ವೇತನದಷ್ಟು. ರೂ. 14,000 ವೇತನಕ್ಕೆ ಅದು ರೂ. 1,26,000ದ ಆಸುಪಾಸು. ಇನ್ನೊಂದು ವರ್ಷ ದುಡಿದು ಪಡೆಯುವ ರೂ. 2,000ದ ಪಿಂಚಣಿಯು ಐದೂಕಾಲು ವರ್ಷಗಳಲ್ಲಿ ಆ ಮೊತ್ತವನ್ನು ತಂದುಕೊಟ್ಟು ಮುಂದೆಯೂ ಬರುತ್ತಿರುತ್ತದೆ. ಕೆಲಸ ಬಿಟ್ಟ ಎರಡು ತಿಂಗಳ ನಂತರ ಪಿಂಚಣಿ ಹಣ ಹಿಂಪಡೆಯಬಹುದಿದ್ದ ಅವಧಿಯನ್ನು 36 ತಿಂಗಳಿಗೆ ಹೆಚ್ಚಿಸಲು ಭವಿಷ್ಯ ನಿಧಿಯ ಕೇಂದ್ರೀಯ ಮಂಡಳಿಯು 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದರ ಹಿಂದೆ ಇದೇ ಕಾಳಜಿಯಿದೆ.

ಕುಟುಂಬದ ರಕ್ಷಣೆಯನ್ನೂ ಮರೆಯಲಾಗದು. ಸೇವೆಯಲ್ಲಿರುವಾಗ ನೌಕರನು ಮರಣ ಹೊಂದಿದರೆ, ಒಂದೇ ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಕುಟುಂಬವು ಪಿಂಚಣಿಗೆ ಅರ್ಹವಾಗುತ್ತದೆ. ನೋಂದಣಿಯನ್ನು ಮುಂದೂಡಿದ ಮೊದಲ ತಿಂಗಳಲ್ಲಿಯೇ ಅನಾಹುತ ಸಂಭವಿಸಿದರೆ ಆ ಕುಟುಂಬಕ್ಕೆ ಉತ್ತರ ಹೇಳುವುದು ಕಷ್ಟ.

ಮಾಲೀಕರು ಪಾಲಿಸಬೇಕಾದ ಕ್ರಮಗಳು

1. ಅರೆಕಾಲಿಕರು, ತುಣುಕಿನ ಲೆಕ್ಕದವರು, ಗುತ್ತಿಗೆಯವರು ಸೇರಿದಂತೆ ಅರ್ಹರೆಲ್ಲರನ್ನೂ ಸೇರಿದ ದಿನದಿಂದಲೇ ನೋಂದಾಯಿಸಬೇಕು.

2. ಸೇರುವಾಗ ನಮೂನೆ 11ರ ಘೋಷಣೆಯಲ್ಲಿ ಹಿಂದಿನ ಸದಸ್ಯತ್ವ, ಯುಎಎನ್ ಸಂಖ್ಯೆ ಮತ್ತು ಯೋಜನಾ ಪ್ರಮಾಣಪತ್ರದ ವಿವರ ಪಡೆಯಬೇಕು. ಹಳೆಯ ಸಂಖ್ಯೆ ಇರುವಾಗ ಹೊಸ ಸಂಖ್ಯೆ ಸೃಷ್ಟಿಸಬಾರದು. ಸೇವೆ ಎರಡು ಕಡೆ ಹರಿದುಹೋಗುತ್ತದೆ.

3. ಕೆಲಸ ಬಿಟ್ಟವರ ನಿರ್ಗಮನ ದಿನಾಂಕವನ್ನು ತಪ್ಪದೆ ನಮೂದಿಸಬೇಕು. 2020ರಿಂದ ನೌಕರರೇ ಇದನ್ನು ನಮೂದಿಸುವ ಸೌಲಭ್ಯವಿದ್ದರೂ ಮಾಲೀಕರ ನಮೂದೇ ಮೊದಲು ಆಗಬೇಕಾದುದು.

4. ಖಾತೆ ವರ್ಗಾವಣೆಯಾದಾಗ ಹೊಸ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಅಂಕಣ ಸೊನ್ನೆ ತೋರಿಸಿದರೆ ನೌಕರರು ಗಾಬರಿಯಾಗಬೇಕಿಲ್ಲ. ವರ್ಗಾವಣೆಯಾಗುವುದು ಹಣವಲ್ಲ, ಸೇವಾವಧಿ. ಅದು ವರ್ಗಾವಣೆಯ ವಿವರಪತ್ರದಲ್ಲಿ ನಮೂದಾಗಿರುತ್ತದೆ. ಇದನ್ನು ನೌಕರರಿಗೆ ತಿಳಿಸಬೇಕು.

5. 20ಕ್ಕಿಂತ ಕಡಿಮೆ ಮಂದಿ ಇರುವ ಸಂಸ್ಥೆಗಳು ಸ್ವಇಚ್ಛೆಯಿಂದ ಯೋಜನೆಗೆ ಸೇರಬಹುದು. ಅದು ಆಗದಿದ್ದರೆ 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಕಟ್ಟದ ನೌಕರರಿಗೆ ಅಟಲ್ ಪಿಂಚಣಿ ಯೋಜನೆಯನ್ನು ಸೂಚಿಸಬಹುದು.

6. ವರ್ಷಕ್ಕೊಮ್ಮೆ, ಲೆಕ್ಕಪತ್ರ ಮುಗಿಸುವ ಸಮಯದಲ್ಲಿ, ಹಾಜರಿ ಪುಸ್ತಕ, ವೇತನ ಪಟ್ಟಿ ಹಾಗೂ ಪಾಸ್‌ಬುಕ್ ಮೂರನ್ನೂ ತಾಳೆ ನೋಡಬೇಕು.

ಈ ಕೊನೆಯ ಕ್ರಮಕ್ಕೆ ಸಣ್ಣ ಘಟಕದಲ್ಲಿ ಒಂದೆರಡು ದಿನಗಳ ಕೆಲಸವಷ್ಟೇ ಹಿಡಿಯುತ್ತದೆ. ಅದೇ ವರ್ಷದಲ್ಲಿ ಕಂಡ ತೆರವನ್ನು ಹಾಜರಿ ಪುಸ್ತಕದ ಆಧಾರದಿಂದ ಸರಿಪಡಿಸುವುದು ಸುಲಭ. ಇಪ್ಪತ್ತು ವರ್ಷಗಳ ನಂತರ, ಘಟಕ ಮುಚ್ಚಿ ಪುಸ್ತಕಗಳು ಕಳೆದುಹೋದ ಮೇಲೆ, 58 ತುಂಬಿದ ನೌಕರನು ಬಂದು ಕೇಳಿದರೆ ತೋರಿಸಲು ಏನೂ ಉಳಿದಿರುವುದಿಲ್ಲ.