ಗಂಟಲಿನ ಗಂಟು: ಭಯವೂ ಬೇಡ, ಉದಾಸೀನವೂ ಬೇಡ



ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನಿಮಗೆ ಗೊತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಗಂಟಲಲ್ಲಿ ಏನೋ ಗಂಟು ಕೂತಂತೆ ತಿಂಗಳುಗಟ್ಟಲೆ ಅನಿಸುವವರ ಪಾಡೂ ಹಾಗೆಯೇ. ಬಾಯಿ ತೆರೆದು ಕನ್ನಡಿ ಹಿಡಿದರೆ ಏನೂ ಕಾಣದು. ಮನೆಯವರಿಗೆ ಹೇಳಿದರೆ ‘ಎಲ್ಲ ನಿನ್ನ ಭ್ರಮೆ’ ಎನ್ನುತ್ತಾರೆ. ಹೇಳದೆ ಇದ್ದರೆ ರಾತ್ರಿಯೆಲ್ಲ ಕ್ಯಾನ್ಸರಿನ ಭಯ. ಅದಕ್ಕಾಗಿ ಈ ತೊಂದರೆ ಏಕೆ ಬರುತ್ತದೆಂದು ಸ್ವಲ್ಪ ತಿಳಿಯೋಣ.

ಊಟ ಮಾಡುವಾಗ ಥಟ್ಟನೆ ಮೀನಿನ ಮುಳ್ಳು ಚುಚ್ಚಿಕೊಂಡರೆ ಅದು ಬೇರೆ ವಿಷಯ. ಒಂದೇ ಕಡೆ ನೋವಿರುತ್ತದೆ. ಅನ್ನದ ಉಂಡೆ ನುಂಗಿ ಅದನ್ನು ಒಳಗೆ ತಳ್ಳುವುದು ಅಪಾಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾವು ಹೇಳುತ್ತಿರುವುದು ಬಂದು ಹೋಗುವ, ನೋವಿಲ್ಲದ ಗಂಟು. ಎಂಜಲು ನುಂಗುವಾಗ ಕಾಡುತ್ತದೆ, ಊಟ ಮಾಡುವಾಗ ಎಷ್ಟೋ ಸಲ ಮರೆತೇ ಹೋಗುತ್ತದೆ. ಇದನ್ನು ಹಿಂದೆ ಹೆಂಗಸರ ಹಿಸ್ಟೀರಿಯಾ ಎಂದು ತಳ್ಳಿಹಾಕುತ್ತಿದ್ದರು. ಆ ಹೆಸರು ಸರಿಯಲ್ಲವೆಂದು 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು ‘ಗ್ಲೋಬಸ್ ಫ್ಯಾರಿಂಜಿಯಸ್’ ಎಂಬ ಹೆಸರನ್ನು ಮುಂದಿಟ್ಟರು. ಲತೀನಿನಲ್ಲಿ ಗ್ಲೋಬಸ್ ಎಂದರೆ ಚೆಂಡು. ಗಂಡಸರಿಗೂ ಇದು ಬರುತ್ತದೆ.

ಕಾರಣಗಳು ಹಲವು. ಮೊದಲನೆಯದು ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು. ಎದೆಯುರಿ ಇಲ್ಲದೆಯೂ ಇದು ಗಂಟಲನ್ನು ಕೆರಳಿಸಬಹುದು. ಅರೇಹಳ್ಳಿಯ ಕಡೆ ಕಾಫಿ ಕುಯ್ಲಿನ ದಿನಗಳನ್ನೇ ನೋಡಿ. ಬೆಳಿಗ್ಗೆ ಬರಿ ಹೊಟ್ಟೆಗೆ ಕಾಫಿ, ರಾತ್ರಿ ತಡವಾಗಿ ಹೊಟ್ಟೆ ಬಿರಿಯುವಷ್ಟು ಊಟ, ಕೈ ತೊಳೆದ ಕೂಡಲೇ ಹಾಸಿಗೆ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮಂಚದ ತಲೆಯ ಕಡೆಯನ್ನು ಸ್ವಲ್ಪ ಎತ್ತರಿಸಿ. ಬೀಡಿ, ಸಾರಾಯಿ ಬಿಡಿ.

ಎರಡನೆಯದು, ಶೀತದಿಂದ ಮೂಗಿನ ಹಿಂದೆ ಇಳಿಯುವ ಸಿಂಬಳ, ಒಲೆಯ ಹೊಗೆ, ಧೂಳು. ಗಂಟು ಹೋಗಲೆಂದು ನಾವು ಮತ್ತೆ ಮತ್ತೆ ಕ್ಯಾಕರಿಸುತ್ತೇವೆ, ಎಂಜಲು ನುಂಗುತ್ತೇವೆ. ಅದರಿಂದ ಗಂಟಲು ಇನ್ನಷ್ಟು ಕೆರಳುತ್ತದೆ. ಕ್ಯಾಕರಿಸುವ ಬದಲು ಒಂದು ಗುಟುಕು ನೀರು ಕುಡಿಯುವುದು ಮೇಲು. ಮೂರನೆಯದು, ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿ ದಪ್ಪವಾಗುವುದು. ಮಲೆನಾಡಿಗೆ ಗಳಗಂಡ ಹೊಸದಲ್ಲ. ಉಪ್ಪಿಗೆ ಅಯೋಡಿನ್ ಬೆರೆಸುವುದು ಅದನ್ನು ತಡೆಯಲೆಂದೇ.

ನಾಲ್ಕನೆಯದು ಮನಸ್ಸಿನ ಭಾರ. ಅನ್ನನಾಳದ ಬಾಯಲ್ಲಿ ಉಂಗುರದಂಥ ಸ್ನಾಯುವಿದೆ. ಚಿಂತೆ, ದುಃಖ, ಸಿಟ್ಟು ಒಳಗೇ ಉಳಿದಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ‘ಗಂಟಲುಬ್ಬಿ ಬಂತು’, ‘ದುಃಖ ನುಂಗಿಕೊಂಡೆ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಾಲ, ಗಂಡನ ಕುಡಿತ, ಮಗಳ ಮದುವೆ, ಅಳಲು ಪುರಸೊತ್ತೇ ಸಿಗದ ಒಂದು ಸಾವು, ಇವೆಲ್ಲ ಅಲ್ಲಿ ಬಂದು ಕೂರಬಹುದು. ಆದರೆ ಮನಸ್ಸಿನಿಂದ ಬಂದದ್ದು ಎಂದ ಮಾತ್ರಕ್ಕೆ ಅದು ಸುಳ್ಳಲ್ಲ. ಬಿಗಿದ ಸ್ನಾಯು ನಿಜವಾದ ಸ್ನಾಯುವೇ. ಹಾಗೆಯೇ, ವೈದ್ಯರು ಪರೀಕ್ಷಿಸುವ ಮೊದಲೇ ‘ಮನಸ್ಸಿನದ್ದು’ ಎಂದು ತೀರ್ಪು ಕೊಡುವ ಹಕ್ಕು ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ, ಗುರುಗಳಿಗೂ ಇಲ್ಲ.

ಈ ಲಕ್ಷಣಗಳಿದ್ದರೆ ಮಾತ್ರ ತಡಮಾಡಬೇಡಿ: ಅನ್ನ, ರೊಟ್ಟಿ ಇಳಿಯದೆ ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಮೂರು ವಾರ ಮೀರಿದ ಗೊಗ್ಗರು ಧ್ವನಿ, ಮೈ ಇಳಿಯುವುದು, ಉಗುಳಿನಲ್ಲಿ ರಕ್ತ, ಒಂದೇ ಕಡೆಯ ನೋವು, ಕತ್ತಿನಲ್ಲಿ ಕೈಗೆ ಸಿಗುವ ಗಂಟು. ಹೊಗೆಸೊಪ್ಪು, ಎಲೆಅಡಿಕೆ, ಕುಡಿತದ ಅಭ್ಯಾಸವಿದ್ದವರಂತೂ ಒಂದು ವಾರವನ್ನೂ ಕಳೆಯಬಾರದು. ಬಹುಕಾಲ ರಕ್ತಹೀನತೆಯಿರುವ ಹೆಂಗಸರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುಪೊರೆ ಬೆಳೆದು ಗಟ್ಟಿ ಆಹಾರ ಸಿಕ್ಕಿಕೊಳ್ಳುವುದುಂಟು. ಅದಕ್ಕೂ ಚಿಕಿತ್ಸೆಯಿದೆ. ಕಿವಿ, ಮೂಗು, ಗಂಟಲಿನ ವೈದ್ಯರು ಸಣ್ಣ ನಳಿಕೆ ಇಳಿಸಿ ಗಂಟಲನ್ನು ನೋಡಬಲ್ಲರು. ನಮ್ಮ ಜಿಲ್ಲೆಗೆ 2006ರಿಂದ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದ ಮೇಲೆ ಅನೇಕರಿಗೆ ಗಂಟು ತಾನಾಗಿಯೇ ಸಡಿಲವಾಗುತ್ತದೆ. ಮನಸ್ಸಿನ ಭಾರ ಹೇಳಿಕೊಳ್ಳಲು ಯಾರೂ ಇಲ್ಲದವರು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಉಚಿತವಾಗಿ ಫೋನ್ ಮಾಡಬಹುದು.

ಫೆಬ್ರವರಿ 3ರಂದು ಸಂತ ಬ್ಲೇಸರ ಸ್ಮರಣೆ. ಎರಡು ಮೇಣದ ಬತ್ತಿಗಳನ್ನು ಅಡ್ಡಡ್ಡ ಹಿಡಿದು ಗಂಟಲನ್ನು ಆಶೀರ್ವದಿಸುವ ಸಂಪ್ರದಾಯ ಧರ್ಮಸಭೆಯಲ್ಲಿದೆ. ಮೀನಿನ ಮುಳ್ಳು ಸಿಕ್ಕಿ ಸಾಯುತ್ತಿದ್ದ ಬಾಲಕನನ್ನು ಬದುಕಿಸಿದ ಈ ಧರ್ಮಾಧ್ಯಕ್ಷರು ವೈದ್ಯರೂ ಆಗಿದ್ದರೆಂದು ಪರಂಪರೆ ಹೇಳುತ್ತದೆ. ಆದ್ದರಿಂದ ಆಶೀರ್ವಾದ ಪಡೆದವರು ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ ಗಂಟಲು ಮುಟ್ಟಿಕೊಂಡು ಸುಮ್ಮನೆ ಕೂತಿದ್ದರೆ ಎರಡು ಪ್ರಶ್ನೆ ಕೇಳಿ: ‘ಊಟ ಇಳಿಯುತ್ತಿದೆಯಾ?’ ‘ಮನಸ್ಸಿನಲ್ಲಿ ಏನಿದೆ?’ ಎರಡಕ್ಕೂ ಉತ್ತರ ಬರುವವರೆಗೆ ಎದ್ದು ಹೋಗಬೇಡಿ.