ಒಬ್ಬೊಬ್ಬರಿಗಾಗುವ ಜಾಮು, ಬೆಣ್ಣೆ, ಜೇನಿನ ಪೊಟ್ಟಣಗಳ ಸಗಟು ಖರೀದಿ

ವಿದ್ಯಾರ್ಥಿನಿಲಯ, ಆಸ್ಪತ್ರೆ, ಉಪಾಹಾರಗೃಹಗಳಲ್ಲಿ ಬೆಳಗಿನ ಬ್ರೆಡ್ಡಿಗೆ ಹಚ್ಚಿಕೊಳ್ಳತಕ್ಕ ಜಾಮು, ಬೆಣ್ಣೆ, ಜೇನುತುಪ್ಪಗಳನ್ನು ದೊಡ್ಡ ಡಬ್ಬಿಯಿಂದ ಬಡಿಸುವುದಕ್ಕೆ ಬದಲಾಗಿ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಪೊಟ್ಟಣವನ್ನು ಕೊಡುವ ಪದ್ಧತಿಯು ರೂಢಿಗೆ ಬಂದಿದೆ. ಹಲವರ ಚಮಚವು ಒಂದೇ ಡಬ್ಬಿಯಲ್ಲಿ ಮುಳುಗುವುದು ತಪ್ಪುವುದರಿಂದ ಇದು ಶುಚಿಯಾದ ಕ್ರಮವೇ ಸರಿ, ಆದರೆ ಅಗ್ಗವಾದುದಲ್ಲ.

ಆದಕಾರಣ ಧಾರಣೆಯನ್ನು ಪೊಟ್ಟಣಕ್ಕೆ ಇಷ್ಟೆಂದು ನೋಡದೆ ಕಿಲೋಗ್ರಾಮಿಗೆ ಇಷ್ಟೆಂದು ಲೆಕ್ಕ ಹಾಕತಕ್ಕದ್ದು. 200 ಮಂದಿಗೆ ದಿನಕ್ಕೊಂದರಂತೆ 30 ದಿನಗಳಿಗೆ 6,000 ಪೊಟ್ಟಣಗಳು ಬೇಕು. ಪೊಟ್ಟಣವು 15 ಗ್ರಾಮಿನದಾದರೆ ಬರುವ ಸರಕು 90 ಕಿಲೋಗ್ರಾಂ; 10 ಗ್ರಾಮಿನದಾದರೆ 60 ಮಾತ್ರ. ಪೊಟ್ಟಣವೊಂದಕ್ಕೆ ಕೆಲವು ಪೈಸೆ ಉಳಿಯಿತೆಂದು ಹಿಗ್ಗುವವರು ಸರಕಿನಲ್ಲಿ ಮೂರನೆಯ ಒಂದು ಪಾಲು ಕಡಮೆಯಾದುದನ್ನು ಕಾಣುವುದಿಲ್ಲ.

ಹೆಸರನ್ನೂ ಓದಿ ನೋಡಬೇಕು. ಭಾರತದ ಆಹಾರ ನಿಯಮಗಳಂತೆ ಜಾಮಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಪಾಲಿಗೆ ಕಡಮೆಯಿಲ್ಲದಷ್ಟು ಹಣ್ಣೂ, ಟೇಬಲ್ ಬೆಣ್ಣೆಯಲ್ಲಿ 80 ಪಾಲಿಗೆ ಕಡಮೆಯಿಲ್ಲದಷ್ಟು ಹಾಲಿನ ಕೊಬ್ಬೂ ಇರತಕ್ಕದ್ದು. ಸಸ್ಯಜನ್ಯ ಕೊಬ್ಬಿನಿಂದ ತಯಾರಾದ ಸ್ಪ್ರೆಡ್ ಬಣ್ಣದಲ್ಲಿ ಬೆಣ್ಣೆಯನ್ನು ಹೋಲಿದರೂ ಬೆಣ್ಣೆಯಲ್ಲ. ಅದಕ್ಕೆ ಬೆಣ್ಣೆಯ ಬೆಲೆಯನ್ನು ತೆರುವುದು ನಷ್ಟ, ಹಾಲು ಕರೆಯುವ ರೈತನಿಗೂ ಅನ್ಯಾಯ.

ಎಲ್ಲಕ್ಕಿಂತ ಹೆಚ್ಚಾಗಿ ಉಗ್ರಾಣದವರು ಗಮನಿಸತಕ್ಕದ್ದು ಹೊರಪೆಟ್ಟಿಗೆಯನ್ನು. 2020ರ ಲೇಬಲು ನಿಯಮಗಳ ಪ್ರಕಾರ, ಹೊರಮೈ 100 ಚದರ ಸೆಂಟಿಮೀಟರನ್ನು ಮೀರದ ಪೊಟ್ಟಣದ ಮೇಲೆ ಬೆರಕೆಯ ಪದಾರ್ಥಗಳ ಪಟ್ಟಿಯನ್ನಾಗಲಿ ತಯಾರಿಕೆಯ ತಂಡದ ಸಂಖ್ಯೆಯನ್ನಾಗಲಿ ಮುದ್ರಿಸಬೇಕೆಂಬ ಕಡ್ಡಾಯವಿಲ್ಲ. 30 ಚದರ ಸೆಂಟಿಮೀಟರಿಗಿಂತ ಕಿರಿದಾದುದರ ಮೇಲೆ ತಾರೀಖೂ ಇಲ್ಲದಿರಬಹುದು. ಇವೆಲ್ಲವೂ ಸಗಟು ಪೆಟ್ಟಿಗೆಯ ಮೇಲೆ ಇರತಕ್ಕದ್ದು. ಸರಕು ಬಂದೊಡನೆ ಪೊಟ್ಟಣಗಳನ್ನು ಬುಟ್ಟಿಗೆ ಸುರಿದು ಪೆಟ್ಟಿಗೆಯನ್ನು ಒಲೆಗೆ ಹಾಕುವ ಅಡಿಗೆಮನೆಯಲ್ಲಿ, ಹಳೆಯದಾವುದು ಹೊಸದಾವುದೆಂದು ಆಮೇಲೆ ಯಾರೂ ಹೇಳಲಾರರು. ಕಡಲೆಕಾಯಿ ಮೈಗೊಗ್ಗದ ರೋಗಿಯೊಬ್ಬನು ಸ್ಪ್ರೆಡ್ಡಿನಲ್ಲಿ ಏನಿದೆಯೆಂದು ಕೇಳಿದರೆ ಉತ್ತರವಿರುವುದಿಲ್ಲ. ಕಡೆಯ ಪೊಟ್ಟಣವು ಖರ್ಚಾಗುವವರೆಗೂ ಪೆಟ್ಟಿಗೆಯನ್ನು ಉಳಿಸಿಕೊಂಡು, ಮೊದಲು ಬಂದುದನ್ನು ಮೊದಲು ಹೊರಡಿಸಬೇಕು.

ಜಾಮನ್ನು ತಂಪಾದ, ಒಣಗಿದ ಕೋಣೆಯಲ್ಲಿ ಕೆಲವು ತಿಂಗಳಿಗಾಗುವಷ್ಟು ಇಡಬಹುದು. ಬೆಣ್ಣೆಯನ್ನಾದರೋ ಶೀತಪೆಟ್ಟಿಗೆಯು ಹಿಡಿಯುವಷ್ಟನ್ನೇ ಕೊಳ್ಳತಕ್ಕದ್ದು. ಜೇನು ಹರಳುಗಟ್ಟಿದರೆ ಕೆಟ್ಟಿತೆಂದು ಎಸೆಯಬೇಕಾಗಿಲ್ಲ. ಪೊಟ್ಟಣವನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ತಿಳಿಯಾಗುವುದು. ಆದರೆ ಒಂದು ವರ್ಷ ತುಂಬದ ಕೂಸುಗಳಿಗೆ ಅದನ್ನು ಕೊಡಕೂಡದು.